ನಮ್ಮ ಶಾಸಕರು ಹೇಗೆ ಮತ ಹಾಕಿದರು?

ನನ್ನ ಪಾಸ್‌ಪೋರ್ಟ್ ಭಾರತದ್ದು. ಆದರೂ ಬ್ರಿಟನ್ನಿನ ಸಂಸತ್ ಚುನಾವಣೆಯಲ್ಲಿ ನನಗೆ ಮತವಿದೆ. ಕಾಮನ್‌ವೆಲ್ತ್ ದೇಶದವರು ಇಲ್ಲಿ ನೆಲೆಸಿದ್ದರೆ ಆ ಹಕ್ಕು ಸಿಗುತ್ತದೆ. ಇಲ್ಲಿನ ಸಂಸದರಿಗೆ ಮೊದಲ ಸಲ ಇಮೇಲ್ ಬರೆದಾಗ ಅವರ ಕಚೇರಿ ಕೇಳಿದ್ದು ಒಂದೇ ಮಾತು: ನಿಮ್ಮ ಮನೆ ವಿಳಾಸವೇನು? ತಮ್ಮ ಕ್ಷೇತ್ರದವರ ಅಹವಾಲನ್ನಷ್ಟೇ ನೋಡುವುದು ಇಲ್ಲಿನ ಪದ್ಧತಿ. ನಾನು ಯಾರ ಕಡೆಯವನು, ಟ್ವಿಟರ್‌ನಲ್ಲಿ ನನ್ನನ್ನು ಎಷ್ಟು ಜನ ಹಿಂಬಾಲಿಸುತ್ತಾರೆ ಎಂದು ಯಾರೂ ಕೇಳಲಿಲ್ಲ.

ಸಂಸದರ ಫೇಸ್‌ಬುಕ್ ಪುಟ ತೆರೆದರೆ ಶಾಲೆಗೆ ಭೇಟಿ, ಉದ್ಘಾಟನೆ, ಹಸ್ತಲಾಘವ. ಇದು ಎಲ್ಲ ದೇಶಗಳಲ್ಲೂ ಒಂದೇ. ನನಗೆ ಹೊಸದೆನಿಸಿದ್ದು ಮತದ ದಾಖಲೆ. ಕೆಳಮನೆಯಲ್ಲಿ ಮತ ಎಣಿಕೆಯಾದ ದಿನವೇ ಯಾರು ಪರ, ಯಾರು ವಿರೋಧ ಎಂಬ ಪಟ್ಟಿ ಜಾಲತಾಣಕ್ಕೆ ಬರುತ್ತದೆ. 2004ರಲ್ಲಿ ಆರಂಭವಾದ ‘ದೇ ವರ್ಕ್ ಫಾರ್ ಯು’ ತಾಣದಲ್ಲಿ ನನ್ನ ಪೋಸ್ಟ್‌ಕೋಡ್ ಒತ್ತಿದರೆ ಸಾಕು, ನಮ್ಮ ಸಂಸದರು ಆಡಿದ ಮಾತು, ಹಾಕಿದ ಮತ ಎಲ್ಲ ಒಂದೇ ಕಡೆ ಸಿಗುತ್ತವೆ. ಇದನ್ನು ಕಟ್ಟಿದ್ದು ಸರ್ಕಾರವಲ್ಲ, ಸ್ವಯಂಸೇವಕರು. ದಾಖಲೆ ಸಾರ್ವಜನಿಕವಾಗಿ ಇದ್ದದ್ದರಿಂದ ಅವರಿಗೆ ಕಟ್ಟಲು ಸಾಧ್ಯವಾಯಿತು.

ನಮ್ಮಲ್ಲಿ ಬಹುಪಾಲು ಮಸೂದೆಗಳು ಧ್ವನಿಮತದಲ್ಲೇ, ಅಂದರೆ ಸದಸ್ಯರು ‘ಹೌದು’, ‘ಇಲ್ಲ’ ಎಂದು ಕೂಗುವುದರಲ್ಲೇ ಮುಗಿಯುತ್ತವೆ; ಯಾರು ಯಾವ ಕಡೆ ಎಂಬುದು ದಾಖಲಾಗುವುದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯಸಭೆ ಕೃಷಿ ಮಸೂದೆಗಳನ್ನು ಅಂಗೀಕರಿಸಿದ್ದೂ ಹಾಗೆಯೇ, ವಿರೋಧಪಕ್ಷದವರು ಮತ ಎಣಿಸಿ ಎಂದು ಪಟ್ಟು ಹಿಡಿದಿದ್ದರೂ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಇರುವಾಗ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರುವಂತಿಲ್ಲ, ಎಣಿಸಿ ಏನು ಪ್ರಯೋಜನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಾವು ಆರಿಸಿ ಕಳಿಸಿದವರು ಅಂದು ಸದನದಲ್ಲಿ ಕೂತಿದ್ದರೇ ಎಂಬುದಾದರೂ ತಿಳಿಯುತ್ತದಲ್ಲ!

ಒಂದು ವಿಷಯದಲ್ಲಿ ಮಾತ್ರ ನಮ್ಮವರೇ ಮುಂದು. ಸುಷ್ಮಾ ಸ್ವರಾಜ್ ವಿದೇಶಾಂಗ ಸಚಿವೆಯಾಗಿದ್ದ 2014ರಿಂದ 2019ರವರೆಗೆ, ಪರದೇಶದಲ್ಲಿ ಸಿಕ್ಕಿಬಿದ್ದವರು ಒಂದು ಟ್ವೀಟ್ ಹಾಕಿದರೆ ಅವರೇ ಉತ್ತರಿಸುತ್ತಿದ್ದರು. ಹೊರನಾಡಿನಲ್ಲಿರುವ ನಮ್ಮಂಥವರಿಗೆ ಅದು ಎಂಥ ಧೈರ್ಯ! ಇಲ್ಲಿನ ಯಾವ ಸಚಿವರಲ್ಲೂ ಆ ಅಕ್ಕರೆ ನಾನು ಕಂಡಿಲ್ಲ. ಆದರೆ ಅಂಥ ಬಾಗಿಲು ಒಬ್ಬ ವ್ಯಕ್ತಿಯ ಮನಸ್ಸಿನ ಮೇಲೆ ನಿಂತಿರುತ್ತದೆ. ಟ್ವಿಟರ್ ಬಳಸಲು ಬಾರದ ಕೂಲಿಕಾರ್ಮಿಕನ ಗತಿಯೇನು? ಅವರ ಕಾಲದಲ್ಲೇ, 2015ರಲ್ಲಿ, ಶುರುವಾದ ‘ಮದದ್’ ತಾಣದ ಮೇಲೆ ನನಗೆ ಹೆಚ್ಚು ಗೌರವ. ದೂರು ಅಲ್ಲಿ ದಾಖಲಾಗುತ್ತದೆ, ಸಚಿವರು ಬದಲಾದರೂ ಕಡತ ಉಳಿಯುತ್ತದೆ.

ಇಲ್ಲಿನ ಸಂಸತ್ತಿನ ಇ-ಅರ್ಜಿಗೆ 10,000 ಸಹಿ ಬಿದ್ದರೆ ಸರ್ಕಾರ ಲಿಖಿತ ಉತ್ತರ ಕೊಡುತ್ತದೆ. 1 ಲಕ್ಷ ದಾಟಿದರೆ ಚರ್ಚೆಗೆ ಪರಿಗಣಿಸುತ್ತಾರೆ. ಬ್ರೆಕ್ಸಿಟ್ (ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರುವುದು) ಕೈಬಿಡಿ ಎಂಬ 2019ರ ಅರ್ಜಿಗೆ 60 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಸರ್ಕಾರ ಆಗದು ಎಂದಿತು. ಸಹಿ ಹಾಕಿದವರಿಗೆ ಬೇಸರವಾಯಿತು, ನಿಜ. ಆದರೂ ಯಾಕೆ ಆಗದು ಎಂಬುದು ಬರಹದಲ್ಲಿ ಉಳಿಯಿತು.

ಭಾರತದಲ್ಲೂ ಕರಡು ಮಸೂದೆಯನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂಬ ನೀತಿಯನ್ನು ಕೇಂದ್ರ 2014ರಲ್ಲೇ ಮಾಡಿದೆ. ಅದು ಕಾನೂನಾಗಲಿಲ್ಲ. ಅದೇ ವರ್ಷ ಹಿಮಾಚಲದ ವಿಧಾನಸಭೆ ಕಾಗದರಹಿತವಾಯಿತು, ಸದಸ್ಯರ ಮೇಜಿಗೆ ಪರದೆ ಬಂತು. ಮತದಾರರಿಗೂ ಆ ಪರದೆಯ ಪಾಲು ಬೇಕು: ಕ್ಷೇತ್ರದ ಹೆಸರು ಒತ್ತಿದರೆ ಶಾಸಕರ ಹಾಜರಿ, ಕೇಳಿದ ಪ್ರಶ್ನೆ, ಹಾಕಿದ ಮತ ಅಚ್ಚಕನ್ನಡದಲ್ಲಿ ಕಾಣಬೇಕು. ಎಣಿಸದ ಮತವನ್ನು ಯಾವ ಆ್ಯಪ್ ತಾನೇ ತೋರಿಸೀತು? ಆದ್ದರಿಂದ ಮೊದಲು ಮುಖ್ಯ ಮಸೂದೆಗಳಿಗಾದರೂ ಮತ ಎಣಿಕೆ ಕಡ್ಡಾಯವಾಗಲಿ.