ನಾಲ್ಕು ಸ್ಕ್ರೂ, ಎರಡು ವೈರು

ಹಳೆಯ ಕಂಪ್ಯೂಟರಿಗೆ ಇನ್ನೊಂದು ಡಿಸ್ಕ್ ಡ್ರೈವ್ ಸೇರಿಸುವುದು ಎಷ್ಟು ಹೊತ್ತಿನ ಕೆಲಸ ಎಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಅಂಗಡಿಯವರನ್ನು ಕೇಳಿದರೂ ಸಿಗುತ್ತಿದ್ದ ಉತ್ತರ ಒಂದೇ: "ನಾಲ್ಕು ಸ್ಕ್ರೂ, ಎರಡು ವೈರು, ಅಷ್ಟೇ ಸಾರ್." ಈ ಮಾತಿನಲ್ಲಿ ಸುಳ್ಳೇನೂ ಇಲ್ಲ. ಡ್ರೈವನ್ನು ಕ್ಯಾಬಿನೆಟ್ಟಿಗೆ ಬಿಗಿಯಲು ಎಡಕ್ಕೆರಡು, ಬಲಕ್ಕೆರಡು ಸ್ಕ್ರೂ ಸಾಕು. ಮಾಹಿತಿಯ ಓಡಾಟಕ್ಕೆ ಒಂದು ಚಪ್ಪಟೆ ಕೇಬಲ್, ವಿದ್ಯುತ್ತಿಗೆ ಇನ್ನೊಂದು ವೈರು, ಅಲ್ಲಿಗೆ ಲೆಕ್ಕ ಚುಕ್ತಾ ಆಗುತ್ತದೆ. ಆದರೆ ಆ ನಾಲ್ಕು ಸ್ಕ್ರೂಗಳು ಡ್ರೈವಿನ ಜೊತೆ ಬರುವುದಿಲ್ಲ, ಎರಡು ವೈರುಗಳಲ್ಲಿ ಒಂದು ಸಾಲುವುದಿಲ್ಲ, ಇನ್ನೊಂದು ಖಾಲಿ ಇರುವುದಿಲ್ಲ ಎಂಬ ವಿಷಯವನ್ನು ಅವರು ಹಣ ಎಣಿಸಿಕೊಳ್ಳುವಾಗ ಹೇಳುವುದಿಲ್ಲ.

ಇದು 2006ರ ಮಾತು. ನಮ್ಮ ಕಂಪ್ಯೂಟರ್ 2001ರಲ್ಲಿ ಜೋಡಿಸಿದ್ದು. ಪೆಂಟಿಯಂ 3 ಪ್ರೊಸೆಸರ್, ಬಿಳಿಯಾಗಿ ಬಂದು ಹಳದಿಗೆ ತಿರುಗಿದ್ದ ಕ್ಯಾಬಿನೆಟ್, ಹಣೆಯ ಮೇಲೆ 52ಎಕ್ಸ್ ಎಂದು ಬರೆಸಿಕೊಂಡಿದ್ದ ಒಂದು ಸಿಡಿ ಡ್ರೈವ್. ಒಂದು ಎಕ್ಸ್ ಎಂದರೆ ಸೆಕೆಂಡಿಗೆ 150 ಕಿಲೋಬೈಟ್ ಆದ್ದರಿಂದ, ಐವತ್ತೆರಡಕ್ಕೆ ಸುಮಾರು 7.8 ಮೆಗಾಬೈಟ್ ಆಗಬೇಕು. ಆ ವೇಗ ಸಿಗುತ್ತಿದ್ದುದು ಸಿಡಿಯ ಹೊರ ಅಂಚಿನಲ್ಲಿ ಮಾತ್ರ; ಸದ್ದು ಮಾತ್ರ ಮೊದಲಿನಿಂದ ಕೊನೆಯವರೆಗೂ ಸಿಗುತ್ತಿತ್ತು. ಸಿಡಿ ಪೂರ್ಣ ವೇಗಕ್ಕೆ ಏರಿದಾಗ ಮೇಜು ಸಣ್ಣಗೆ ನಡುಗಿ, ಅದರ ಮೇಲಿಟ್ಟ ಕಾಫಿ ಲೋಟ ತಾನಾಗಿಯೇ ಅಂಚಿನ ಕಡೆಗೆ ಸರಿಯುತ್ತಿತ್ತು.

ಆ ಡ್ರೈವ್ ಓದಬಲ್ಲುದೇ ಹೊರತು ಬರೆಯಲಾರದು. ಬರೆಯುವ ಅಗತ್ಯ ಬಿದ್ದದ್ದು ನನ್ನ ಭಾವಮೈದುನನ ಮದುವೆಯಿಂದ. ಮದುವೆಯ ವಿಡಿಯೊ ಮೂರು ವಿಸಿಡಿಗಳಲ್ಲಿ ಬಂದಿತ್ತು: ಒಂದರಲ್ಲಿ ವರಪೂಜೆ, ಇನ್ನೊಂದರಲ್ಲಿ ಮುಹೂರ್ತ, ಮೂರನೆಯದರಲ್ಲಿ ಆರತಕ್ಷತೆ ಮತ್ತು ಊಟದ ಪಂಕ್ತಿ. ಗುಲಾಬಿ ಹೂವು ಅರಳಿ ಅದರೊಳಗಿಂದ ವಧೂವರರ ಮುಖ ಮೂಡುವ ದೃಶ್ಯ ಮೂರರಲ್ಲೂ ಇತ್ತು. ಪಂಕ್ತಿಯಲ್ಲಿ ತಾವು ಕಂಡ ಬಂಧುಗಳೆಲ್ಲ ತಮಗೊಂದು ಪ್ರತಿ ಬೇಕೆಂದರು. ಕಾಣದವರು, ಏಕೆ ಕಾಣಲಿಲ್ಲವೆಂದು ಪರೀಕ್ಷಿಸುವ ಸಲುವಾಗಿ ತಮಗೂ ಒಂದು ಪ್ರತಿ ಬೇಕೆಂದರು. ಡಿಪ್ಲೊಮಾ ಓದುತ್ತಿದ್ದ ಅಕ್ಕನ ಮಗ ಇದಕ್ಕೆ ಪರಿಹಾರ ಸೂಚಿಸಿದ. "ಒಂದು ಡಿವಿಡಿ ರೈಟರ್ ತನ್ನಿ ಮಾಮ. ಹಳೆಯದರಲ್ಲಿ ಒರಿಜಿನಲ್, ಹೊಸದರಲ್ಲಿ ಖಾಲಿ ಸಿಡಿ. ಹಾಕಿ ಬಿಟ್ಟರೆ ತಾನೇ ಕಾಪಿ ಆಗುತ್ತೆ." ಹಳೆಯದನ್ನು ತೆಗೆದು ಆ ಜಾಗಕ್ಕೇ ಹೊಸದನ್ನು ಹಾಕಬಹುದಿತ್ತಲ್ಲ ಎಂದು ಈಗಿನವರಿಗೆ ಅನ್ನಿಸೀತು. ಉಸಿರಾಡುತ್ತಿರುವ ಯಾವ ಯಂತ್ರವನ್ನೂ ಕಿತ್ತು ಅಟ್ಟಕ್ಕೆ ಹಾಕುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ.

ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಕಳಚಿದ ಕೂಡಲೇ ಮೊದಲು ಕಂಡದ್ದು ಧೂಳು, ಆಮೇಲೆ ಕಂಡದ್ದು ಒಳಗಿನ ಭಾಗಗಳಿಗೆಲ್ಲ ವಿದ್ಯುತ್ ಹಂಚುವ ಎಸ್‌ಎಂಪಿಎಸ್ ಪೆಟ್ಟಿಗೆಯ ಬೆಚ್ಚನೆಯ ಮೂಲೆಯಲ್ಲಿ ಅಂಟಿಕೊಂಡಿದ್ದ ಎರಡು ಹಲ್ಲಿಯ ಮೊಟ್ಟೆಗಳು. "ಮುಟ್ಟಬೇಡ ಕಣೋ, ಮರಿ ಆಗಿ ಹೋಗೋವರೆಗೂ ಬಿಟ್ಟುಬಿಡು" ಎಂದು ಅಮ್ಮ ಅಲ್ಲಿಯೇ ತಡೆಯಾಜ್ಞೆ ಹೊರಡಿಸಿದರು. ಅಕ್ಕನ ಮಗ ಟಾರ್ಚ್ ಹಿಡಿದು, ತಲೆಯನ್ನು ಅರ್ಧ ಕ್ಯಾಬಿನೆಟ್ಟಿನೊಳಗೆ ತೂರಿಸಿ, ಎರಡೂ ಬರಿಯ ಚಿಪ್ಪುಗಳೆಂದೂ ಮರಿಗಳು ಎಂದೋ ಹೊರಟುಹೋಗಿವೆಯೆಂದೂ ವರದಿ ಕೊಟ್ಟ ಮೇಲೆ ತಡೆಯಾಜ್ಞೆ ತೆರವಾಯಿತು.

ಡ್ರೈವ್ ಕೂರಬೇಕಾದ ಐದೂಕಾಲು ಇಂಚಿನ ಖಾನೆಗೆ ಮುಂದುಗಡೆ ಒಂದು ಪ್ಲಾಸ್ಟಿಕ್ ಮುಚ್ಚಳವಿರುತ್ತದೆ. ಒಳಗಿನಿಂದ ಒತ್ತಿದರೆ ಅದು ಟಕ್ಕೆಂದು ಬಂದುಬಿಡುತ್ತದೆ. ಆ ಮುಚ್ಚಳದ ಹಿಂದೆ, ಚೌಕಟ್ಟಿನ ತಗಡಿನಲ್ಲಿಯೇ ಕತ್ತರಿಸಿ ಎರಡು ಸಣ್ಣ ಎಳೆಗಳಲ್ಲಿ ಹಿಡಿದು ನಿಲ್ಲಿಸಿದ ಇನ್ನೊಂದು ಕವಚವಿದೆ ಎಂಬುದು ಆಗ ತಿಳಿಯುತ್ತದೆ. ಅದನ್ನು ಇಕ್ಕಳದಲ್ಲಿ ಹಿಡಿದು, ಎಳೆಗಳು ದಣಿದು ತುಂಡಾಗುವವರೆಗೆ ಹಿಂದಕ್ಕೂ ಮುಂದಕ್ಕೂ ತಿರುಚುತ್ತಿರಬೇಕು. ಅದನ್ನು ಒಂದು ಸ್ಕ್ರೂನಿಂದ ಬಿಗಿದಿದ್ದರೆ ಕ್ಯಾಬಿನೆಟ್ ತಯಾರಿಸಿದವರಿಗೆ ಆಗುತ್ತಿದ್ದ ನಷ್ಟವೇನೋ ನಾನರಿಯೆ. ಕವಚವು ಕೊನೆಗೆ ಕಿತ್ತುಬರುವಾಗ ತನ್ನ ಹರಿತವಾದ ಅಂಚನ್ನು ಹುಡುಗನ ಹೆಬ್ಬೆರಳಿನ ಮೇಲೆ ಎಳೆದುಕೊಂಡೇ ಬಂದಿತು. ನನ್ನ ಹೆಂಡತಿ ಓಡಿಬಂದು ಗಾಯಕ್ಕೆ ಅರಿಸಿನ ಮೆತ್ತಿದಳು. ಅದೇ ಬೆರಳಿನಿಂದ ಅವನು ಹೊಸ ಡ್ರೈವನ್ನು ಎತ್ತಿಕೊಂಡದ್ದರಿಂದ ಅದರ ಕಪ್ಪು ಮುಖದ ಮೇಲೆ ಹಳದಿ ಬೆರಳಚ್ಚೊಂದು ಮೂಡಿತು. ಹೊಸ ವಸ್ತುವಿಗೆ ಪೂಜೆ ಮಾಡಿಸಿಲ್ಲವೆಂದು ಬೆಳಗಿನಿಂದ ಮುನಿಸಿಕೊಂಡಿದ್ದ ಅಮ್ಮನಿಗೆ ಇದರಿಂದ ಸ್ವಲ್ಪ ಸಮಾಧಾನವಾಯಿತು.

ಇನ್ನು ಸ್ಕ್ರೂಗಳ ವಿಚಾರ. ಡಬ್ಬವಿಲ್ಲದೆ, ಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಟ್ಟ ಡ್ರೈವಿನ ಜೊತೆ ಸ್ಕ್ರೂಗಳಿರಲಿಲ್ಲ. ಮನೆಯ ಹಳೆಯ ಬಿಸ್ಕತ್ ಡಬ್ಬದಲ್ಲಿ ಕಂಪ್ಯೂಟರ್ ಸ್ಕ್ರೂಗಳು ಹಿಡಿಯಷ್ಟಿದ್ದವು, ಆದರೆ ಅವು ಕ್ಯಾಬಿನೆಟ್ಟಿಗೂ ಹಾರ್ಡ್ ಡಿಸ್ಕಿಗೂ ಹಾಕುವ ದಪ್ಪ ಮರೆಯವು (ಮರೆ ಎಂದರೆ ಸ್ಕ್ರೂವಿನ ಮೈಮೇಲಿನ ಸುರುಳಿ ಗೆರೆ), ಇಂಚಿಗೆ 32 ಸುತ್ತಿನವು. ಸಿಡಿ, ಡಿವಿಡಿ, ಫ್ಲಾಪಿ ಡ್ರೈವುಗಳು ಕೇಳುವುದು ಮೂರು ಮಿಲಿಮೀಟರಿನ, ಸುತ್ತು ಸುತ್ತಿನ ನಡುವೆ ಅರ್ಧ ಮಿಲಿಮೀಟರ್ ಅಂತರದ ಸಣ್ಣ ಮರೆಯ ಸ್ಕ್ರೂಗಳನ್ನು. ಕಣ್ಣಿಗೆ ಎರಡೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ದಪ್ಪ ಮರೆಯದು ಒಂದು ಸುತ್ತು ಒಳಗೆ ಹೋಗಿ, ಆಮೇಲೆ ಹಟ ಹಿಡಿಯುತ್ತದೆ. ಬಲವಂತ ಮಾಡಿದರೆ ಡ್ರೈವಿನ ಮರೆಯೇ ಹಾಳು. ಹುಡುಗ ಫ್ಲಾಪಿ ಡ್ರೈವಿನ ನಾಲ್ಕು ಸ್ಕ್ರೂಗಳಲ್ಲಿ ಎರಡನ್ನು ಬಿಚ್ಚಿ ಹೊಸದಕ್ಕೆ ಹಾಕಿದ. ಫ್ಲಾಪಿಯನ್ನು ಆ ಹೊತ್ತಿಗೆ ಯಾರೂ ವಿಚಾರಿಸುತ್ತಿರಲಿಲ್ಲವಾದ್ದರಿಂದ ಅದು ಎರಡರಲ್ಲಿಯೇ ತೃಪ್ತಿಪಟ್ಟಿತು.

ಆ ಎರಡರಲ್ಲಿ ಒಂದು ಅವನ ಅರಿಸಿನದ ಬೆರಳಿನಿಂದ ಜಾರಿ ಮದರ್‌ಬೋರ್ಡಿನ ಮೇಲೆಲ್ಲೋ ಬಿದ್ದು ಮಾಯವಾಯಿತು. ಲೋಹದ ಚೂರೊಂದನ್ನು ಮದರ್‌ಬೋರ್ಡಿನ ಮೇಲೆ ಬಿಟ್ಟು ವಿದ್ಯುತ್ ಹರಿಸುವ ಹಾಗಿಲ್ಲ. ಹೀಗಾಗಿ ಮಂಚದ ಮೇಲೆ ಬಿಳಿಯ ಪಂಚೆ ಹಾಸಿ, ಇಡೀ ಕ್ಯಾಬಿನೆಟ್ಟನ್ನು ಇಬ್ಬರೂ ಎತ್ತಿ ಬೋರಲು ಹಾಕಿದೆವು. ಹುಡುಗ ಉತ್ಸಾಹದಿಂದ ಅದನ್ನು ಕುಲುಕಿದ. ಧೂಳಿನ ಜೊತೆ ಹಲ್ಲಿಮೊಟ್ಟೆಯ ಒಂದು ಚಿಪ್ಪು, ನಾವು ಹುಡುಕುತ್ತಿದ್ದ ಸ್ಕ್ರೂ, ನಾವು ಹುಡುಕದೆ ಇದ್ದ ಇನ್ನೊಂದು ಸ್ಕ್ರೂ ಹೊರಬಿದ್ದವು. ಈ ಎರಡನೆಯದು ಯಾವ ತೂತಿನದೆಂದು ಎಷ್ಟು ಹುಡುಕಿದರೂ ಪತ್ತೆಯಾಗಲಿಲ್ಲ. ಅದು ಬಿದ್ದ ಮೇಲೂ ಕಂಪ್ಯೂಟರಿನ ಬೇರಾವ ಭಾಗವೂ ಕಳಚಿಬೀಳದಿದ್ದುದರಿಂದ, ಜೋಡಿಸಿದವರು ಧಾರಾಳವಾಗಿ ಕೊಟ್ಟ ಕೊಸರೆಂದು ಅದನ್ನು ಬಿಸ್ಕತ್ ಡಬ್ಬಕ್ಕೆ ಸೇರಿಸಲಾಯಿತು.

ನಿಜವಾದ ಜಗಳ ಹತ್ತಿದ್ದು ಜಂಪರಿನ ವಿಷಯದಲ್ಲಿ. ಡ್ರೈವುಗಳನ್ನು ಚಪ್ಪಟೆ ಕೇಬಲ್ಲಿನಿಂದ ಜೋಡಿಸುವ ಐಡಿಇ ಪದ್ಧತಿಯ ಆ ಕಾಲದ ಕಂಪ್ಯೂಟರುಗಳ ಮದರ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಎರಡು ಕೇಬಲ್‌ಗಳಿಗೆ ಜಾಗವಿರುತ್ತಿತ್ತು, ಒಂದೊಂದು ಕೇಬಲ್ಲಿಗೆ ಎರಡೆರಡು ಸಾಧನ. ನಮ್ಮದರಲ್ಲಿ ಮೊದಲನೆಯ ಕೇಬಲ್ ಹಾರ್ಡ್ ಡಿಸ್ಕಿನದು. ಎರಡನೆಯದನ್ನು ಎರಡೂ ಡ್ರೈವುಗಳು ಹಂಚಿಕೊಳ್ಳಬೇಕು. ಒಂದೇ ಕೇಬಲ್ಲಿನ ಮೇಲೆ ಒಂದು ಮಾಸ್ಟರ್ ಆಗಬೇಕು, ಇನ್ನೊಂದು ಸ್ಲೇವ್ ಆಗಬೇಕು. ಇದು ತೀರ್ಮಾನವಾಗುವುದು ಡ್ರೈವಿನ ಬೆನ್ನಿನಲ್ಲಿರುವ ಪುಟ್ಟ ಪಿನ್ನುಗಳ ಮೇಲೆ ಅಕ್ಕಿಕಾಳಿನಷ್ಟು ಗಾತ್ರದ, ಎರಡು ಪಿನ್ನುಗಳನ್ನು ಬೆಸೆಯುವ ಜಂಪರನ್ನು ಎಲ್ಲಿ ಕೂರಿಸುತ್ತೇವೆ ಎಂಬುದರಿಂದ. ನಮ್ಮ ಹಳೆಯ ಡ್ರೈವ್ ಐದು ವರ್ಷಗಳಿಂದ ಮಾಸ್ಟರ್ ಆಗಿತ್ತು. ಹೊಸದೂ ಕಾರ್ಖಾನೆಯಿಂದ ಮಾಸ್ಟರ್ ಆಗಿಯೇ ಬಂದಿತ್ತು. ಹಾಗೆಯೇ ಬಿಟ್ಟರೆ ಕಂಪ್ಯೂಟರಿಗೆ ಎರಡೂ ಕಾಣಿಸುವ ಭರವಸೆಯಿಲ್ಲ.

"ಮೊದಲು ಬಂದದ್ದೇ ಮಾಸ್ಟರ್ ಆಗಿರಲಿ. ಬಂದ ದಿನವೇ ಯಜಮಾನಿಕೆ ಕೇಳಿದರೆ ಹೇಗೆ?" ಎಂದರು ಅಮ್ಮ, ಜಪಮಣಿ ಕೆಳಗಿಡದೆ.

"ಓದುವುದೂ ಹೊಸದೇ, ಬರೆಯುವುದೂ ಹೊಸದೇ. ಕೆಲಸವೆಲ್ಲ ಒಬ್ಬರದು, ಯಜಮಾನಿಕೆ ಇನ್ನೊಬ್ಬರದು ಅಂದರೆ ಅದ್ಯಾವ ನ್ಯಾಯ?" ಎಂದಳು ಹೆಂಡತಿ, ಅಡುಗೆಮನೆಯಿಂದ.

ಚರ್ಚೆ ಇಲ್ಲಿಂದ ಮುಂದೆ ಕಂಪ್ಯೂಟರನ್ನು ಬಿಟ್ಟು ಬಹಳ ದೂರ ಹೋಯಿತು; ಯಾರದೋ ಸೀಮಂತದಲ್ಲಿ ಯಾರೋ ಉಡದೆ ಹೋದ ಸೀರೆಯೊಂದು ಕೂಡ ಅದರಲ್ಲಿ ಸೇರಿಕೊಂಡಿತು. ತಾಂತ್ರಿಕವಾಗಿ ಹೇಳುವುದಾದರೆ, ಮಾಸ್ಟರಿಗೆ ಸ್ಲೇವಿನ ಮೇಲೆ ಯಾವ ಅಧಿಕಾರವೂ ಇರುವುದಿಲ್ಲ. ಎರಡೂ ತಮ್ಮ ತಮ್ಮ ಕೆಲಸವನ್ನು ತಾವೇ ನಡೆಸಿಕೊಳ್ಳುತ್ತವೆ; ಒಂದರ ವಿಳಾಸ ಸೊನ್ನೆ, ಇನ್ನೊಂದರದು ಒಂದು, ವ್ಯತ್ಯಾಸ ಅಷ್ಟೇ. ಈ ಸತ್ಯವನ್ನು ಗಟ್ಟಿಯಾಗಿ ಹೇಳಿ ಎರಡೂ ಪಕ್ಷಗಳ ಸಿಟ್ಟನ್ನು ಒಟ್ಟಿಗೆ ಸಂಪಾದಿಸುವ ಇಚ್ಛೆ ನನಗಾಗಲಿ ಹುಡುಗನಿಗಾಗಲಿ ಇರಲಿಲ್ಲ. ಇಬ್ಬರೂ ಬೇರೆ ಮಾತಿನಲ್ಲಿದ್ದಾಗ ಅವನು ಅತ್ತೆಯ ಹುಬ್ಬು ತೀಡುವ ಚಿಮುಟದಿಂದ ಹಳೆಯ ಡ್ರೈವಿನ ಜಂಪರನ್ನು ಸ್ಲೇವ್ ಗುರುತಿನ ಪಿನ್ನುಗಳಿಗೆ ಸರಿಸಿ, ಚಿಮುಟವನ್ನು ಕನ್ನಡಿಯ ಮುಂದೆ ಇದ್ದ ಹಾಗೆಯೇ ಇಟ್ಟುಬಂದ.

ಕೇಬಲ್ಲಿನ ಕಥೆ ಚಿಕ್ಕದು. ನಮ್ಮದರ ಒಂದು ತುದಿ ಮದರ್‌ಬೋರ್ಡಿಗೆ, ಇನ್ನೊಂದು ತುದಿ ಡ್ರೈವಿಗೆ. ಎರಡನೆಯ ಡ್ರೈವಿಗೆ ನಡುವೆ ಇರಬೇಕಾದ ಮೂರನೆಯ ಬಾಯಿಯೇ ಅದಕ್ಕಿರಲಿಲ್ಲ. ಮೂರು ಬಾಯಿಯ ಕೇಬಲ್ ತಂದದ್ದಾಯಿತು. ಇಂಥ ಕೇಬಲ್ ಹದಿನೆಂಟು ಇಂಚು ಮೀರಬಾರದೆಂಬ ನಿಯಮವಿರುವುದರಿಂದ ಅದು ಪ್ರತಿ ತಿರುವಿನಲ್ಲೂ ಬಿಗಿದುಕೊಂಡು, ರ‍್ಯಾಮ್ ಪಟ್ಟಿಯ ತಲೆ ಸವರಿಕೊಂಡೇ ಹಾದುಹೋಯಿತು. ಕೆಂಪು ಗೆರೆಯ ಅಂಚು ವಿದ್ಯುತ್ ಸಾಕೆಟ್ಟಿನ ಕಡೆಗಿರಬೇಕೆಂಬುದನ್ನು ಹುಡುಗ ಮಂತ್ರದ ಹಾಗೆ ಹೇಳಿಕೊಳ್ಳುತ್ತಲೇ ಸಿಕ್ಕಿಸಿದ.

ವಿದ್ಯುತ್ತಿನ ವೈರು ಹಾಗಲ್ಲ. ಎಸ್‌ಎಂಪಿಎಸ್‌ನಿಂದ ಬರುವ ನಾಲ್ಕು ತೂತಿನ ಬಿಳಿಯ ಪ್ಲಗ್ಗುಗಳು ಎಲ್ಲವೂ ಕೆಲಸದಲ್ಲಿದ್ದುದರಿಂದ, ಒಂದನ್ನು ಎರಡಾಗಿ ಕವಲೊಡೆಸುವ ವೈರನ್ನೂ ಕೊಳ್ಳಬೇಕಾಯಿತು. ಹಳೆಯ ಡ್ರೈವಿಗೆ ಸಿಕ್ಕಿಸಿದ್ದ ಪ್ಲಗ್ ಐದು ವರ್ಷಗಳಲ್ಲಿ ಬೇರು ಬಿಟ್ಟಿತ್ತು. ಎಡಬಲಕ್ಕೆ ಅಲುಗಿಸಿ ಅಲುಗಿಸಿ ಎಳೆದರೆ, ಅದು ಬರುವುದೇ ಇಲ್ಲವೆಂದು ನಂಬಿಸಿ, ನಂಬಿಕೆ ಬಂದ ಕ್ಷಣದಲ್ಲಿ ಒಮ್ಮೆಲೇ ಬಂದು, ಎಳೆಯುತ್ತಿದ್ದವನ ಮೊಣಕೈಯನ್ನು ಹಿಂದಿನ ಗೋಡೆಗೆ ಮುಟ್ಟಿಸುತ್ತದೆ. ಅಗ್ಗದ ಕವಲು ವೈರಿನಲ್ಲಿ ಇನ್ನೊಂದು ವಿಶೇಷವಿತ್ತು. ಐದು ವೋಲ್ಟಿನ ಕೆಂಪು ವೈರಿನ ಪಿನ್ನು, ಸಿಕ್ಕಿಸಲು ಒತ್ತಿದಂತೆಲ್ಲ ಪ್ಲಗ್ಗಿನ ಹಿಂಬದಿಯಿಂದ ಹೊರಗೆ ಇಣುಕುತ್ತಿತ್ತು. ಹಳದಿಯದು ಹನ್ನೆರಡು ವೋಲ್ಟ್, ಮೋಟಾರಿಗೆ, ಕೆಂಪಿನದು ಐದು, ಒಳಗಿನ ಎಲೆಕ್ಟ್ರಾನಿಕ್ಸ್‌ಗೆ, ಕಪ್ಪಿನವೆರಡು ಅರ್ಥಿಂಗ್. ಕೆಂಪು, ಹಳದಿ ಇವರಿಬ್ಬರಲ್ಲಿ ಒಬ್ಬರು ಹಿಂದೆ ಸರಿದರೂ ಡ್ರೈವ್ ಬಾಗಿಲು ತೆರೆಯುವುದಿಲ್ಲ. ಹುಡುಗ ಹಿಂದಿನಿಂದ ಸ್ಕ್ರೂಡ್ರೈವರಿನಲ್ಲಿ ಪಿನ್ನನ್ನು ಒತ್ತಿ ಹಿಡಿದು, ನಾನು ಮುಂದಿನಿಂದ ಡ್ರೈವನ್ನು ಒತ್ತಿ ಹಿಡಿದು, ಅಂತೂ ಅದನ್ನು ಒಳಗೆ ಕೂರಿಸಿದೆವು.

ಸ್ವಿಚ್ ಹಾಕಿದಾಗ ಪರದೆಯ ಮೇಲೆ ಏನೂ ಮೂಡಲಿಲ್ಲ. ಅದರ ಬದಲು ಕ್ಯಾಬಿನೆಟ್ಟಿನೊಳಗಿಂದ ಉದ್ದನೆಯ ಪೀಂಕಾರ ಹೊರಟು, ನಿಂತು, ಮತ್ತೆ ಹೊರಟಿತು. ಎದುರುಮನೆಯವರು ಬಾಗಿಲಿಗೆ ಬಂದು, ಯಾರ ಕಾರು ಹಿಂದಕ್ಕೆ ಬರುತ್ತಿದೆ ಎಂದು ರಸ್ತೆಯ ಎರಡೂ ಕಡೆ ನೋಡಿದರು. ಇದು ರ‍್ಯಾಮ್ ತನ್ನ ಜಾಗದಲ್ಲಿ ಸರಿಯಾಗಿ ಕೂತಿಲ್ಲವೆಂಬುದರ ದೂರು. ಬೋರಲು ಹಾಕಿ ಕುಲುಕಿದ್ದೂ ತಲೆ ಸವರಿದ ಕೇಬಲ್ಲೂ ಸೇರಿ ಅದನ್ನು ಕದಲಿಸಿದ್ದವು. ಇದಕ್ಕೆ ನಮ್ಮ ದೇಶದ ರಿಪೇರಿ ಅಂಗಡಿಗಳಲ್ಲೆಲ್ಲ ನಡೆಯುವ ಚಿಕಿತ್ಸೆ ಒಂದೇ: ಪಟ್ಟಿಯನ್ನು ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಊದಿ, ಮತ್ತೆ ಕೂರಿಸುವುದು. ಮಗಳ ಜಾಮಿಟ್ರಿ ಬಾಕ್ಸಿನಿಂದ ಸ್ಟ್ರಾಬೆರಿ ವಾಸನೆಯ ರಬ್ಬರೊಂದು ಬಂದಿತು. ಮುಂದೆ ಕೆಲವು ದಿನ ಕಂಪ್ಯೂಟರ್ ಬಿಸಿಯಾದಾಗಲೆಲ್ಲ ಕೋಣೆಯಲ್ಲಿ ಆ ವಾಸನೆ ಸುಳಿಯುತ್ತಿತ್ತು ಎಂದು ಹೆಂಡತಿ ಹೇಳುತ್ತಾಳೆ. ನನಗೆ ಅಷ್ಟು ಸೂಕ್ಷ್ಮವಾದ ಮೂಗಿಲ್ಲ.

ಈ ಸಲ ಪರದೆ ಬೆಳಗಿತು, ಎರಡೂ ಡ್ರೈವುಗಳ ಹೆಸರುಗಳು ಒಂದರ ಕೆಳಗೊಂದು ಮೂಡಿದವು. ಆದರೆ ಸ್ಥಾನಪಲ್ಲಟವಾದ ಗಡಿಬಿಡಿಯಲ್ಲಿ ವಿಂಡೋಸ್ ಅವುಗಳನ್ನು ಗುರುತಿಸುವ ಅಕ್ಷರಗಳನ್ನು ಅದಲುಬದಲು ಮಾಡಿತ್ತು. ಈವರೆಗೆ 'ಇ' ಆಗಿದ್ದ ಹಳೆಯ ಡ್ರೈವ್ ಈಗ 'ಎಫ್'. ಭಜನೆಯ ಸಿಡಿ ಕೇಳುವ ವಿಧಾನವನ್ನು ಅಪ್ಪ ತಮ್ಮ ಡೈರಿಯಲ್ಲಿ ಕ್ರಮವಾಗಿ ಬರೆದಿಟ್ಟುಕೊಂಡಿದ್ದರು. ಅದರ ಪ್ರಕಾರ ಮೇಲಿನ ಡ್ರೈವಿಗೆ ಸಿಡಿ ಹಾಕಿ 'ಇ' ಒತ್ತಿದರೆ, ಖಾಲಿಯಿದ್ದ ಕೆಳಗಿನದು ತನ್ನೊಳಗೆ ಸಿಡಿಯೇ ಇಲ್ಲವೆನ್ನುತ್ತಿತ್ತು. ಅಕ್ಷರಗಳನ್ನು ಮೊದಲಿನಂತೆ ಬದಲಿಸಿಕೊಡುತ್ತೇನೆಂದು ಹುಡುಗ ಹೇಳುವುದರೊಳಗೆ ಅಪ್ಪ ಡೈರಿಯನ್ನೇ ತಿದ್ದಿದ್ದರು. ಅವನು ಕಂಪ್ಯೂಟರನ್ನೂ ತಿದ್ದಿದ. ಭಜನೆ ಶುರುವಾಗಲು ಇನ್ನೂ ಕೆಲವು ದಿನ ಹಿಡಿಯಿತು.

ಮದುವೆಯ ಪ್ರತಿಗಳೆಲ್ಲ ತಯಾರಾಗಿ ಬಂಧುಗಳನ್ನು ತಲುಪಿದವು. ಮೂರನೆಯ ಸಿಡಿಯನ್ನು ಮಾತ್ರ ನೋಡಿದರೆಂದು ಕೇಳಿದೆ.

ಮದುವೆಯಾದ ಕೂಡಲೇ ಅಮೆರಿಕಕ್ಕೆ ಹೊರಟುಹೋದ ಭಾವಮೈದುನ ಮರುವರ್ಷ ರಜೆಗೆ ಬಂದಾಗ ಚೀಲದ ತುಂಬ ಅಲ್ಲಿನ ಡಿವಿಡಿಗಳನ್ನು ತಂದ. ಡಿವಿಡಿ ತಯಾರಕರು ಭೂಮಂಡಲವನ್ನು ತಮ್ಮ ಅನುಕೂಲಕ್ಕೆ ಹಂಚಿಕೊಂಡಿದ್ದಾರೆ: ಅಮೆರಿಕ 1ನೆಯ ವಲಯ, ಭಾರತ 5ನೆಯದು, ರಷ್ಯಾ ಮತ್ತು ಆಫ್ರಿಕಾದ ಬಹುಭಾಗ ನಮ್ಮ ಜೊತೆಗೆ, ಜಪಾನ್ ಅದ್ಯಾವ ಲೆಕ್ಕದಲ್ಲೋ ಯುರೋಪಿನ ಜೊತೆ 2ನೆಯದು. ಒಂದು ವಲಯದ ಡಿವಿಡಿ ಇನ್ನೊಂದು ವಲಯದ ಡ್ರೈವಿನಲ್ಲಿ ಓಡುವುದಿಲ್ಲ. ಡ್ರೈವಿನ ವಲಯವನ್ನು ಐದು ಸಲ ಬದಲಾಯಿಸಬಹುದು, ಅಲ್ಲಿಂದ ಮುಂದೆ ಅದು ಕೊನೆಯ ಸಲ ನಿಂತಲ್ಲಿಯೇ ನಿಲ್ಲುತ್ತದೆ. ಈ ಲೆಕ್ಕ ಡ್ರೈವಿನ ಒಳಗೇ ದಾಖಲಾಗುವುದರಿಂದ ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕಿದರೂ ಪ್ರಯೋಜನವಿಲ್ಲ. ರಾತ್ರಿ ಭಾವಮೈದುನ ತನ್ನ ಸಿನಿಮಾ ನೋಡಲು ಅದನ್ನು ಅಮೆರಿಕಕ್ಕೆ ಒಯ್ಯುವನು, ಬೆಳಿಗ್ಗೆ ಅಕ್ಕನ ಮಗ ಬಾಡಿಗೆಗೆ ತಂದ ಡಿವಿಡಿಗಾಗಿ ಅದನ್ನು ಭಾರತಕ್ಕೆ ಕರೆತರುವನು. ಇನ್ನೆಷ್ಟು ಸಲ ಉಳಿದಿದೆ ಎಂದು ಪರದೆ ಎಚ್ಚರಿಸಿದ್ದನ್ನು ಇಬ್ಬರೂ ಓದದೆ ಸರಿ ಎಂದು ಒತ್ತುವರು. ಕೊನೆಯ ಸಲ ಒತ್ತಿದ್ದು ಭಾವಮೈದುನ, ವಿಮಾನ ಹತ್ತುವ ಹಿಂದಿನ ರಾತ್ರಿ. ಅವನು ಹೋಗಿದ್ದುದು ಎಚ್-1 ವೀಸಾದ ಮೇಲೆ, ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಕಾಯುತ್ತಿದ್ದ. ಎಸ್.ಪಿ. ರಸ್ತೆಯಲ್ಲಿ ಕೊಂಡ ನಮ್ಮ ಡ್ರೈವಿಗೆ ಮಾತ್ರ ಅಮೆರಿಕದ ಖಾಯಂ ವಾಸ ಅಂದೇ ಮಂಜೂರಾಯಿತು.