ಹತ್ತಕ್ಕೆ ಐದೂವರೆ

ನನ್ನ ಪ್ರಶ್ನಾವಳಿ ವಾಪಸ್ ಬಂದಿದೆ. ಉತ್ತರ ಬಂದಿಲ್ಲ, ಮಾರ್ಕ್ಸ್ ಬಂದಿದೆ. ಕೆಂಪು ಪೆನ್ನಿನಲ್ಲಿ ಹತ್ತಕ್ಕೆ ಐದೂವರೆ. ಕೆಳಗೊಂದು ಗೆರೆ. ಗೆರೆಯ ಕೆಳಗೆ 'ಇನ್ನೂ ಪ್ರಯತ್ನ ಬೇಕು'. ಆ ಅರ್ಧ ಮಾರ್ಕು ಯಾವುದಕ್ಕೆ ಕೊಟ್ಟರು ಅಂತ ಯೋಚಿಸ್ತಾ ನಿನ್ನೆ ರಾತ್ರಿ ನಿದ್ದೆಯೇ ಹತ್ತಲಿಲ್ಲ.

ಎಂ.ಎ. ಕೊನೇ ಸೆಮಿಸ್ಟರ್ ಮುಟ್ಟಿದವರಿಗೆ ಡಿಸರ್ಟೇಶನ್ ಅನ್ನೋ ಸಂಶೋಧನಾ ಪ್ರಬಂಧ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಾನು ಮೊದಲು 'ಕೃಷ್ಣಾ ಮೇಲ್ದಂಡೆ ಯೋಜನೆಯ ಸಂತ್ರಸ್ತರು' ಅಂತ ವಿಷಯ ಹಿಡಿದುಕೊಂಡು ಹೋದೆ. ಗೈಡ್ ಕನ್ನಡಕ ತೆಗೆದರು. "ಭಾಳ ದೊಡ್ಡದಾತು. ಸ್ವಲ್ಪ ನ್ಯಾರೋ ಮಾಡ್ರಿ." ಬಾಗಲಕೋಟೆ ಜಿಲ್ಲೆ ಮಾತ್ರ ಸರ್ ಅಂದೆ. ನ್ಯಾರೋ ಮಾಡ್ರಿ. ಮುಳುಗಡೆಯಾದ ಹಳೇ ಊರಿನಿಂದ ನವನಗರಕ್ಕೆ ಬಂದವರು ಮಾತ್ರ. ಇನ್ನೂ ನ್ಯಾರೋ. ಅದರಲ್ಲೂ ಹೆಣ್ಣುಮಕ್ಕಳು, ಅದರಲ್ಲೂ ಅರವತ್ತು ದಾಟಿದವರು, ಅದರಲ್ಲೂ ಒಂದೇ ಸೆಕ್ಟರಿನವರು ಅನ್ನೋವರೆಗೆ ಬಂತು. ಇನ್ನೊಂದು ಸಲ ಕ್ಯಾಬಿನ್ನಿಗೆ ಹೋಗಿದ್ದರೆ ಯಾರದೋ ಮನೆ ನಂಬರೇ ಶೀರ್ಷಿಕೆಯಾಗುತ್ತಿತ್ತು. ಇಷ್ಟೆಲ್ಲ ಸಣ್ಣದು ಮಾಡಿಸಿದ ಮೇಲೆ ಅವರೇ ಕೊನೆಗೆ 'ಒಂದು ಸಮಾಜಶಾಸ್ತ್ರೀಯ ಅಧ್ಯಯನ' ಅಂತ ಸೇರಿಸಿದರು. ಈಗ ಶೀರ್ಷಿಕೆ ಲಗ್ನಪತ್ರಿಕೆಯಷ್ಟು ಉದ್ದ ಇದೆ.

ಪೀಠಿಕೆ ಬರೆಯೋದು ಕಷ್ಟ ಆಗಲಿಲ್ಲ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಈ ಯೋಜನೆಯ ಆಲಮಟ್ಟಿ ಡ್ಯಾಮಿಗೆ ಅಡಿಗಲ್ಲು ಹಾಕಿದರು ಅಂತ ಶುರು ಮಾಡಬೇಕು. ಈ ವಾಕ್ಯವಿಲ್ಲದ ಡಿಸರ್ಟೇಶನ್ ನಮ್ಮ ಲೈಬ್ರರಿಯ ಕಪಾಟಿನಲ್ಲಿ ಹುಡುಕಿದರೂ ಸಿಗಲ್ಲ. ಅಡಿಗಲ್ಲಿನಿಂದ ಹಿಡಿದು ಘಟಪ್ರಭೆಯ ಹಿನ್ನೀರು ಊರೊಳಗೆ ಬರೋವರೆಗೆ ಎಲ್ಲರದ್ದೂ ಒಂದೇ ದಾರಿ.

ಫೀಲ್ಡ್‌ವರ್ಕ್ ಹಾಗಲ್ಲ. ನವನಗರದ ಮಂದಿಗೆ ಸರ್ವೆ ಹೊಸದೇನಲ್ಲ. ಸರ್ಕಾರದವರು ಬಂದು ಹೋಗಿದ್ದಾರೆ, ಕಾಲೇಜಿನವರು ಬಂದು ಹೋಗಿದ್ದಾರೆ. "ಹ್ವಾದ ವರ್ಷನೂ ಒಬ್ಬಾಕಿ ಬಂದಿದ್ಲು, ಚಾ ಕುಡುದು ಹ್ವಾದ್ಲು. ಮುಂದ ಏನಾತು?" ಅಂತ ಗೇಟಿನಲ್ಲೇ ಕೇಳುತ್ತಾರೆ. ಎರಡನೇ ಪ್ರಶ್ನೆಯೂ ಅವರದ್ದೇ: "ಪರಿಹಾರ ಏನರ ಹೆಚ್ಚಿಗಿ ಬರತೈತೇನು?" ಇಲ್ರೀ, ಇದು ಸುಮ್ನೆ ಓದೋದಕ್ಕೆ ಅಂದರೆ ಗೇಟು ಅರ್ಧ ಮುಚ್ಚುತ್ತದೆ. ಒಪ್ಪಿಗೆ ಪತ್ರಕ್ಕೆ ಒಂದು ಸಹಿ ಹಾಕ್ರಿ ಅಂದರೆ ಉಳಿದರ್ಧವೂ ಮುಚ್ಚುತ್ತದೆ. "ಹಿಂದಕ ಒಮ್ಮೆ ಸಹಿ ಮಾಡೇ ಮನಿ ಕಳಕೊಂಡೀವಿ ತಂಗಿ" ಅಂದರು ಒಬ್ಬರು. ಅದಕ್ಕೆ ಮೆಥಡಾಲಜಿ ಪುಸ್ತಕದಲ್ಲಿ ಉತ್ತರ ಇಲ್ಲ. ಗೂಗಲ್ ಫಾರ್ಮ್ ಕಳಿಸು ಅಂತ ಗೆಳತಿ ಸಲಹೆ ಕೊಟ್ಟಳು. ವಾಟ್ಸಾಪಿನಲ್ಲಿ ಕಳಿಸಿದೆ. ಶುಭೋದಯದ ಗುಲಾಬಿ ಹೂವು ವಾಪಸ್ ಬಂತು.

ವಯಸ್ಸು ಎಷ್ಟು ಅಂದರೆ "ಅರವತ್ತೋ ಎಪ್ಪತ್ತೋ, ನಿನಗ ಹೊಂದೂವಂಗ ಬರಕೊ" ಅನ್ನುತ್ತಾರೆ. ಅದೇ ಡ್ಯಾಮಿನ ಮಾತು ತೆಗೆಯಿರಿ. ಈಗ ನೀರು ನಿಲ್ಲಿಸೋದು 519.60 ಮೀಟರಿಗೆ, 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಒಪ್ಪಿದ್ದು 524.256ಕ್ಕೆ ಅಂತ ದಶಾಂಶದ ಸಮೇತ ಬರುತ್ತದೆ. ಹುಟ್ಟಿದ ವರ್ಷ ಗೊತ್ತಿಲ್ಲ, ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ಅನ್ನೋದು ಮಿಲಿಮೀಟರ್ ಲೆಕ್ಕದಲ್ಲಿ ಗೊತ್ತು.

ಇನ್ನು ಸ್ನೋಬಾಲ್ ಸ್ಯಾಂಪ್ಲಿಂಗ್. ಒಬ್ಬರನ್ನು ಮಾತಾಡಿಸಿದರೆ ಅವರು ಇನ್ನೊಬ್ಬರನ್ನು ತೋರಿಸುತ್ತಾರೆ, ಅವರು ಮತ್ತೊಬ್ಬರನ್ನು. ಹಾಗೆ ಉಂಡೆ ಉರುಳಿ ದೊಡ್ಡದಾಗುತ್ತಾ ಹೋಗಬೇಕು. ನನ್ನ ಉಂಡೆ ಯಾವ ಓಣಿಯಿಂದ ಉರುಳಿಸಿದರೂ ಒಂದೇ ಮನೆಗೆ ಹೋಗಿ ನಿಲ್ಲುತ್ತಿತ್ತು. "ನಮಗೇನು ತಿಳೀತೈತಿ? ಮಾಸ್ತರ್ನ ಕೇಳು, ಅವ್ರಿಗೆಲ್ಲಾ ಗೊತ್ತೈತಿ."

ಮಾಸ್ತರರು ನಿವೃತ್ತರಾಗಿ ಬಹಳ ವರ್ಷವಾಗಿದೆ. ಅವರ ಜೇಬಿನ ಕೆಂಪು ಪೆನ್ನು ಮಾತ್ರ ಇನ್ನೂ ಡ್ಯೂಟಿ ಮೇಲೆ ಇದೆ. ನಾನು ಹೋಗಿದ್ದು ಅವರ ಮನೆಯವರನ್ನು ಮಾತಾಡಿಸೋಕೆ. "ಆಕಿಗೇನು ಕೇಳ್ತಿ? ತಾ ಇಲ್ಲಿ" ಅಂತ ಹಾಳೆ ಇಸಿದುಕೊಂಡರು. ಹೆಸರು ಬರೆಯೋಕೂ ಮುಂಚೆ ಒಂದು ಒತ್ತಕ್ಷರಕ್ಕೆ ಸುತ್ತು ಹಾಕಿದರು. ನೆರೆಹೊರೆಯವರೊಂದಿಗೆ ಸಂಬಂಧ ಸುಧಾರಿಸಿದೆಯೇ ಅನ್ನೋದಕ್ಕೆ 'ಪೂರ್ತಿ ಒಪ್ಪುತ್ತೇನೆ'ಯಿಂದ 'ಸ್ವಲ್ಪವೂ ಒಪ್ಪುವುದಿಲ್ಲ'ದವರೆಗೆ ಐದು ಮನೆ ಮಾಡಿಕೊಟ್ಟಿದ್ದೆ. "ಎಡಕ್ಕಿನವರೋ ಬಲಕ್ಕಿನವರೋ? ಬಲಕ್ಕಿನವರ ಜೋಡಿ ಮಾತಿಲ್ಲ, ಗೇಟ್ ಮುಂದ ಕಾರ್ ಹಚ್ಚತಾರ" ಅಂದರು. ಅಂದದ್ದನ್ನು ಮಾರ್ಜಿನ್ನಿನಲ್ಲಿ ಬರೆದರು. ಕಾರಿನ ನಂಬರನ್ನೂ ಬರೆದರು.

ಏಳನೇ ಪ್ರಶ್ನೆಗೆ ಬಂದಾಗ ಕುರ್ಚಿಯಲ್ಲಿ ನೆಟ್ಟಗೆ ಕೂತರು. "'ಮನೆ ಮತ್ತು ರಸ್ತೆ ತೃಪ್ತಿಕರವಾಗಿವೆಯೇ?' ಇದರಾಗ ಎರಡು ಪ್ರಶ್ನಿ ಅದಾವು. ಮನಿ ಚಲೋ ಐತಿ, ರಸ್ತೆ ಇಲ್ಲ. ಎಲ್ಲಿ ಟಿಕ್ ಹಾಕ್ಲಿ?" ಒಂದೇ ಪ್ರಶ್ನೆಯಲ್ಲಿ ಎರಡು ವಿಷಯ ತುರುಕಬಾರದು ಅಂತ ಎಲ್ಲ ಮೆಥಡಾಲಜಿ ಪುಸ್ತಕಗಳಲ್ಲೂ ಇದೆ. ಆದರೆ ಆ ಪ್ರಶ್ನೆ ಸೇರಿಸಿದ್ದು ಗೈಡ್. ಹೇಳೋಕಾಗುತ್ತಾ? ಸುಮ್ಮನೆ ತಲೆ ತಗ್ಗಿಸಿದೆ. ಅವರ ಹಳೇ ವಿದ್ಯಾರ್ಥಿಗಳು ಹೇಗೆ ನಿಲ್ಲುತ್ತಿದ್ದರು ಅಂತ ಆಗ ಗೊತ್ತಾಯ್ತು. "ಹಾಳಿ ಇಲ್ಲೇ ಇಟ್ಟು ಹೋಗು, ಪೂರ್ತಿ ನೋಡಿ ಕೊಡ್ತೀನಿ" ಅಂದರು. ಹಾಗೆ ಇಟ್ಟು ಬಂದದ್ದೇ ಈ ಐದೂವರೆ.

ಇದರ ನಡುವೆ ಒಳಗಿನಿಂದ ಮಾಸ್ತರರ ಮನೆಯ ಅಮ್ಮ ಚಾ ತಂದರು. ತಂದವರು ಬಾಗಿಲಿಗೆ ಆತು ನಿಂತೇ ಮಾತಾಡಿದರು, ನಾನೇನೂ ಕೇಳಿರಲಿಲ್ಲ. "ಅಲ್ಲಿ ಮಾಳಗಿಗೆ ಮಾಳಗಿ ಹತ್ತಿದ್ವು ಯವ್ವಾ. ಶಾವಿಗಿ ಒಣಾ ಹಾಕಿದ್ರ ನಾಕ್ ಮನಿ ದಾಟಿ ಹೋಗಿ ಮಾತಾಡಿ ಬರ್ತಿದ್ವಿ. ನೆಲಕ್ಕ ಇಳೀತಿರಲಿಲ್ಲ. ಇಲ್ಲಿ ಮನಿ ದೊಡ್ಡದೈತಿ, ಸುಳ್ಳ್ಯಾಕ ಹೇಳ್ಲಿ? ಆದ್ರ ಉಪ್ಪು ಬೇಕಂದ್ರೂ ಗೇಟ್ ತಗೀಬೇಕು, ಬೆಲ್ ಒತ್ತಬೇಕು. ಅವರು ಟಿವಿ ಸಣ್ಣದು ಮಾಡಿ ಬರಬೇಕು. ಅಷ್ಟೊತ್ತಿಗೆ ಉಪ್ಪಿಲ್ಲದ ಸಾರೇ ಸಾಕನಿಸತೈತಿ."

"ಅದು ಪ್ರಶ್ನಿಯೊಳಗ ಇಲ್ಲ" ಅಂದರು ಮಾಸ್ತರರು, ಹಾಳೆಯಿಂದ ತಲೆ ಎತ್ತದೆ. "ಕೇಳಿದ್ದಕ್ಕಷ್ಟೇ ಉತ್ತರ ಹೇಳಬೇಕು."

ಅಮ್ಮ ಕಪ್ಪು ಎತ್ತಿಕೊಂಡು ಒಳಗೆ ಹೋದರು. ನಾನು ಅವರ ಮಾತನ್ನು ಮೊಬೈಲಿನಲ್ಲಿ ಟೈಪ್ ಮಾಡಿಕೊಂಡೆ. ಇಡೀ ಫೀಲ್ಡ್‌ವರ್ಕಿನಲ್ಲಿ ನನಗೆ ನಿಜವಾಗಿ ಸಿಕ್ಕಿದ್ದು ಅಷ್ಟೇ. ನಮ್ಮ ಮನೆ ಹೊಲದ ಕಡೆ ಇತ್ತು, ಮುಳುಗಲಿಲ್ಲ. ಮುಳುಗಿದವರ ಮನೆಯ ಚಾ ಕುಡಿದು, ಅವರಿಗೆ ಹೊಂದದ ಐದು ಮನೆ ಎಳೆದು, ಟಿಕ್ ಹಾಕ್ರಿ ಅನ್ನೋಕೆ ಒಂಥರಾ ಆಗುತ್ತದೆ.

ಗೈಡ್ ಓದಿದರು. "ಛಲೋ ಐತಿ. ಆದ್ರ ಇದನ್ನ ಟೇಬಲ್‌ನೊಳಗ ಹೆಂಗ ತೋರಸ್ತೀರಿ?" ನಾಲ್ಕನೇ ಅಧ್ಯಾಯ ದತ್ತಾಂಶ ವಿಶ್ಲೇಷಣೆ. ಅಲ್ಲಿ ಶೇಕಡಾವಾರಿಗೆ ಜಾಗ ಇದೆ, ಉಪ್ಪಿಲ್ಲದ ಸಾರಿಗೆ ಇಲ್ಲ. ಅನುಬಂಧಕ್ಕೆ ಹಾಕ್ರಿ ಅಂದರು.

ಅನುಬಂಧ ಒಯ್ದು ಡಿಟಿಪಿ ಅಂಗಡಿಗೆ ಕೊಟ್ಟೆ. ನನ್ನದು ಯೂನಿಕೋಡ್, ಅವರದ್ದು ಹಳೇ ನುಡಿ ಫಾಂಟು. ಅಂಟಿಸಿದ ಕೂಡಲೇ ಅಮ್ಮನ ಮಾತೆಲ್ಲ ಚೌಕಟ್ಟು ಚೌಕಟ್ಟಾಗಿ ಬಿತ್ತು. ಮತ್ತೆ ಹೊಡೀಬೇಕು ಅಕ್ಕಾರ, ಪುಟಕ್ಕೆ ಬೇರೆ ರೇಟು ಅಂದರು ಅಂಗಡಿ ಅಣ್ಣ. ಹೊಡೀರಿ ಅಂದೆ. ಹೊಡೆಯುತ್ತಾ ಹೊಡೆಯುತ್ತಾ 'ನಾಕ್ ಮನಿ ದಾಟಿ' ಅನ್ನೋವಲ್ಲಿ ಕೈ ನಿಲ್ಲಿಸಿಬಿಟ್ಟರು.

"ನಮ್ಮದೂ ಹಿಂಗ ಇತ್ರೀ. ಒಂಬತ್ತ ಅಂಕಣದ ಮನಿ. ಮಾಳಗಿ ಮ್ಯಾಲಿಂದ ಪಟ ಹಾರಿಸ್ತಿದ್ವಿ."

ಹಿಂದೆ ಆಧಾರ್ ಜೆರಾಕ್ಸಿಗೆ ನಿಂತಿದ್ದ ಕಾಕಾ, "ಯಾವ ಓಣಿ?" ಅಂದರು. ಅಣ್ಣ ಕುರ್ಚಿ ತಿರುಗಿಸಿಕೊಂಡು ಓಣಿ ಹೇಳಿದರು. ಕಾಕಾ ಅದರ ಹಿಂದಿನ ಓಣಿಯವರು. ಅವರ ಹಿಂದೆ ನಿಂತಿದ್ದ ಹೆಣ್ಣುಮಗಳು ತಮ್ಮ ತವರುಮನೆಯ ಕಟ್ಟೆಯಿಂದ ಶುರು ಮಾಡಿದರು. ಸಹಿ ಕೇಳದೆ, ಪರಿಹಾರ ಕೇಳದೆ, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದಾರೆ. ನನ್ನ ಸ್ಯಾಂಪಲ್ ಹೋದ ವಾರವೇ ಕ್ಲೋಸ್ ಆಗಿದೆ, ನಾಳೆ ಸಬ್ಮಿಶನ್ ಇದೆ, ಅನುಬಂಧ ಇನ್ನೂ ಅರ್ಧ ಪುಟದಲ್ಲೇ ನಿಂತಿದೆ. ಅಣ್ಣಾ, ಟೈಪ್ ಅಂದೆ.

"ತಡೀರಿ ಅಕ್ಕಾರ," ಅಂದರು ಕಾಕಾ, "ಇವರ ಮನಿ ಬಾವಿಯೊಳಗ ನಮ್ಮ ಎಮ್ಮಿ ಬಿದ್ದಿತ್ತು, ಅದನ್ನ ಹೇಳಿ ಮುಗಸ್ತೀನಿ."