ಮಂಡೆಯ ಮಂಡೆಬಿಸಿ

ನನ್ನ ತಲೆಯಲ್ಲಿ ಕೂದಲಿದೆ. ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಆದರೆ ಇದೆ ಅಂತ ತೋರಿಸಬೇಕಾದರೆ ಸ್ವಲ್ಪ ಬೆಳಕು ಬೇಕು, ನೋಡುವವರಿಗೆ ತಾಳ್ಮೆ ಬೇಕು. ಮನುಷ್ಯರ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತದೆ. ನನ್ನಲ್ಲೂ ಲೆಕ್ಕಕ್ಕೆ ಕಡಿಮೆಯೇನಿಲ್ಲ. ಎಳೆಯೇ ತೆಳು. ಇದನ್ನು ಪರೀಕ್ಷೆ ಮಾಡುವ ಕ್ರಮ ಸುಲಭ. ಒಂದು ಕೂದಲನ್ನು ಎರಡು ಬೆರಳ ನಡುವೆ ಇಟ್ಟು ಉಜ್ಜಬೇಕು. ದಾರ ಇದ್ದ ಹಾಗೆ ಕೈಗೆ ತಗುಲಿದರೆ ದಪ್ಪ, ಏನೂ ಗೊತ್ತಾಗದಿದ್ದರೆ ತೆಳು. ಬೆಂಗಳೂರಿನ ನಮ್ಮ ಪಾರ್ಲರಿನ ಅಕ್ಕ ಹಾಗೆ ಉಜ್ಜಿ ನೋಡಿ, ಆಮೇಲೆ ಬಗ್ಗಿ ನೆಲ ನೋಡತೊಡಗಿದರು. "ಏನಕ್ಕಾ?" ಅಂದೆ. "ಎಲ್ಲೋ ಬಿದ್ದು ಹೋಯ್ತು ಮೇಡಂ" ಅಂದರು. ಅದು ಅವರ ಬೆರಳಲ್ಲೇ ಇತ್ತು.

ಶಾಲೆಯಲ್ಲಿ ಎರಡು ಜಡೆ ಕಡ್ಡಾಯ. ನನ್ನ ಜಡೆಗಿಂತ ರಿಬ್ಬನ್ನೇ ಅಗಲವಾಗಿತ್ತು. ಬೆಳಿಗ್ಗೆ ಎರಡು ರಿಬ್ಬನ್ ಹೋದರೆ ಸಂಜೆ ಒಂದು ವಾಪಸ್ ಬರುತ್ತಿತ್ತು. ಕಾಲೇಜಿಗೆ ಸೇರಿದ ವರ್ಷವೇ ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿ ಬಿಸಾಡಿದೆ. ಅವತ್ತಿನಿಂದ ಸುಖವಾಗಿದ್ದೆ, ಚಿಕ್ಕಮ್ಮನ ಮಗಳ ಮದುವೆ ನಿಶ್ಚಯವಾಗುವವರೆಗೆ.

ನಮ್ಮ ಕರಾವಳಿಯಲ್ಲಿ ಈಗ ಮದುವೆಗಿಂತ ಮೆಹಂದಿಯ ಗೌಜಿ ಜಾಸ್ತಿ. ಧಾರೆಗೆ ತಡವಾಗಿ ಹೋದರೂ ನಡೆಯುತ್ತದೆ, ಮೆಹಂದಿಗೆ ಹೋಗದಿದ್ದರೆ ಮಾತು ಕೇಳಬೇಕು. ಮದುವೆ ಉಡುಪಿಯಲ್ಲಿ, ಮೇ ತಿಂಗಳಲ್ಲಿ. ಮದುಮಗಳು ಮನೆಯವರ ವಾಟ್ಸಾಪ್ ಗ್ರೂಪಿಗೆ ಆಜ್ಞೆ ಕಳಿಸಿದಳು: "ಮೆಹಂದಿಗೆ ರೆಟ್ರೋ ಥೀಮ್. ಎಲ್ಲರೂ ಹಳೇ ಕಾಲದ ಡ್ರೆಸ್, ಹಳೇ ಕಾಲದ ಹೇರ್‌ಸ್ಟೈಲ್. ನೆಪ ಹೇಳುವಂತಿಲ್ಲ." ಭಾವ ಕೂಡಲೇ ಬೆಲ್ ಬಾಟಮ್ ಹೊಲಿಸಲು ಕೊಟ್ಟರು. ತಲೆಯ ಚಿಂತೆ ಅವರಿಗಿಲ್ಲ. ಬೊಕ್ಕತಲೆ ಎಲ್ಲ ಕಾಲಕ್ಕೂ ಹೊಂದುತ್ತದೆ.

ನನ್ನದು ಒಂದೇ ಷರತ್ತು. ಒಮ್ಮೆ ಮಾಡಿದ ಮೇಲೆ ಮತ್ತೆ ತಲೆ ಮುಟ್ಟುವ ಕೆಲಸ ಇರಬಾರದು. ಮೆಹಂದಿ ಹಚ್ಚಿದ ಕೈಯಲ್ಲಿ ಪಿನ್ ಸಿಕ್ಕಿಸಲು ಆಗುತ್ತದಾ ಹೇಳಿ?

ಅಮ್ಮನಿಗೆ ಫೋನ್ ಮಾಡಿದೆ. "ಅದಕ್ಕೆಂತ ಮಂಡೆಬಿಸಿ? ಕಲ್ಪನಾ, ಭಾರತಿ ಎಲ್ಲ ಹಾಕುತ್ತಿದ್ದರಲ್ಲ ದೊಡ್ಡ ತುರುಬು, ಅದೇ ಹಾಕು. ನನ್ನ ಚೌರಿ ಉಂಟು" ಅಂದರು. ಹಪ್ಪಳ, ಸಂಡಿಗೆ, ಪುನರ್ಪುಳಿಯ ಜೊತೆ ಅದೂ ಪಾರ್ಸೆಲ್ಲಿನಲ್ಲಿ ಬಂತು. ನುಸಿಗುಳಿಗೆಯ ವಾಸನೆ ಸಂಡಿಗೆಗೂ ಹತ್ತಿತ್ತು. ಚೌರಿಗೆ ಒಂದು ಆಧಾರ ಬೇಕು, ಅಂದರೆ ಕಟ್ಟಲು ನಮ್ಮದೇ ಒಂದಿಷ್ಟು ಕೂದಲು. ಇದ್ದದ್ದನ್ನೆಲ್ಲ ಹಿಂದಕ್ಕೆ ಎಳೆದು, ಹುಬ್ಬು ಮೇಲೇರುವಷ್ಟು ಬಿಗಿದು, ಹೇಗೋ ತುರುಬು ನಿಲ್ಲಿಸಿದೆ. ಕನ್ನಡಿಯ ಮುಂದೆ ತಲೆ ತಿರುಗಿಸಿದರೆ ತುರುಬು ಅರ್ಧ ಸೆಕೆಂಡ್ ತಡವಾಗಿ ತಿರುಗಿತು. ಇನ್ನೊಮ್ಮೆ ತಿರುಗಿಸಿದೆ. ಈ ಸಲ ಅದು ತಿರುಗಲೇ ಇಲ್ಲ.

ಅಮೆರಿಕದವರಾದರೂ ಸುಲಭದ ದಾರಿ ಕಂಡುಹಿಡಿದಿರಬಹುದು ಅಂತ ಓದತೊಡಗಿದೆ. 'ಬೀಹೈವ್' ಅಂತ ಒಂದಿದೆ, ತಲೆಯ ಮೇಲೆ ಎತ್ತರದ ಗೋಪುರ. 1960ರಲ್ಲಿ ಸೌಂದರ್ಯ ಪತ್ರಿಕೆಯೊಂದು ಹೊಸದೇನಾದರೂ ಮಾಡಿಕೊಡಿ ಅಂತ ಕೇಳಿದಾಗ, ಷಿಕಾಗೋ ಕಡೆಯ ಮಾರ್ಗರೆಟ್ ವಿಂಚಿ ಹೆಲ್ಟ್ ಎಂಬ ಕೇಶ ವಿನ್ಯಾಸಕಿ ಮಾಡಿಕೊಟ್ಟದ್ದು. ಕೂದಲನ್ನು ತುದಿಯಿಂದ ಬುಡಕ್ಕೆ ಉಲ್ಟಾ ಬಾಚಿ, ಬೇಕೆಂದೇ ಸಿಕ್ಕು ಮಾಡಿ, ಮೇಲೆ ಸ್ಪ್ರೇ ಹೊಡೆಯುವುದು. ಸಿಕ್ಕು ಬಿಡಿಸುವುದರಲ್ಲೇ ಅಮ್ಮನ ಅರ್ಧ ಆಯುಷ್ಯ ಕಳೆದಿದೆ, ಇಲ್ಲಿ ನೋಡಿದರೆ ಸಿಕ್ಕಿಗೇ ದುಡ್ಡು ಕೊಡಬೇಕು! ಆಗಿನ ಹೆಂಗಸರು ವಾರಕ್ಕೊಮ್ಮೆ ಪಾರ್ಲರಿಗೆ ಹೋಗಿ ಕಟ್ಟಿಸಿಕೊಂಡು, ಅದು ಹಾಳಾಗದ ಹಾಗೆ ಸ್ಕಾರ್ಫ್ ಸುತ್ತಿ ಮಲಗುತ್ತಿದ್ದರು. ನಾನೂ ಸುಮ್ನೆ ಉಲ್ಟಾ ಬಾಚಿ ನೋಡಿದೆ. ಎಡಗಡೆ ಎಬ್ಬಿಸಿ ಬಲಗಡೆಗೆ ಬರುವಷ್ಟರಲ್ಲಿ ಎಡಗಡೆಯದು ಮಲಗಿತ್ತು.

ಸಾಧನಾ ಕಟ್? ಅದೂ 1960ರದ್ದೇ. 'ಲವ್ ಇನ್ ಸಿಮ್ಲಾ' ಚಿತ್ರಕ್ಕಾಗಿ ನಿರ್ದೇಶಕ ಆರ್. ಕೆ. ನಯ್ಯರ್ ನಾಯಕಿ ಸಾಧನಾಳ ಅಗಲ ಹಣೆ ಮುಚ್ಚಲು ಹಾಲಿವುಡ್ ನಟಿ ಆಡ್ರೆ ಹೆಪ್‌ಬರ್ನ್ ರೀತಿ ಮುಂದೆ ಕೂದಲು ಬಿಡಿಸಿದರು, ಇಡೀ ದೇಶದ ಹುಡುಗಿಯರು ಕತ್ತರಿ ಹಿಡಿದರು. ನನಗೆ ಆಗದು. ಹಣೆ ಮುಚ್ಚಿದರೆ ನೆತ್ತಿ ಕಾಣುತ್ತದೆ, ನೆತ್ತಿ ಮುಚ್ಚಿದರೆ ಹಣೆ ಕಾಣುತ್ತದೆ. ಎರಡನ್ನೂ ಮುಚ್ಚುವಷ್ಟು ಬಜೆಟ್ ಇಲ್ಲ.

ಪರ್ಮ್ ಮಾಡಿಸುವ ಯೋಚನೆಯೂ ಬಂದಿತ್ತು. ಕೂದಲಿಗೆ ಶಾಶ್ವತ ಸುರುಳಿ ಹಾಕುವ ಯಂತ್ರವನ್ನು ಕಳೆದ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ತೋರಿಸಿದ್ದು ಕಾರ್ಲ್ ನೆಸ್ಲರ್ ಎಂಬ ಜರ್ಮನ್. ಸುಮಾರು 900 ಗ್ರಾಂ ತೂಕದ ಹಿತ್ತಾಳೆ ರೋಲರುಗಳು, ಒಂದಲ್ಲ, 12. ಅವು ತಲೆಗೆ ತಾಗದಂತೆ ಮೇಲಿಂದ ತೂಗುಹಾಕಿ, ಕಾಯಿಸುತ್ತ, 6 ಗಂಟೆ ಕೂರಿಸುತ್ತಿದ್ದರು. ಮೊದಲ ಪ್ರಯೋಗ ಯಾರ ಮೇಲೆ? ಹೆಂಡತಿಯ ಮೇಲೆ. ಪಾಪ, ಆಕೆಯ ಕೂದಲು ಸುಟ್ಟೇ ಹೋಯಿತು. ಮುಂದೂ ಪ್ರಯೋಗಕ್ಕೆ ಆಕೆಯೇ ಕೂತದ್ದು ನನಗೆ ಅರ್ಥವಾಗದ ವಿಷಯ. ಇದನ್ನು ಇವರಿಗೆ ಓದಿ ಹೇಳಿದೆ. "ಎಷ್ಟು ಒಳ್ಳೆ ಹೆಂಗಸು" ಅಂದರು. ಪುಟ ಮುಚ್ಚಿದೆ.

ಕೊನೆಗೆ ಸಿಕ್ಕಿದ್ದು 1920ರ ದಶಕದ 'ಫಿಂಗರ್ ವೇವ್'. ಒದ್ದೆ ಕೂದಲಿಗೆ ಅಂಟು ಹಚ್ಚಿ, ಬಾಚಣಿಗೆ ಮತ್ತು ಬೆರಳಲ್ಲಿ ಒತ್ತಿ ಒತ್ತಿ ಅಲೆ ಮಾಡಿ ಒಣಗಿಸುವುದು. ತಲೆಗೆ ಅಂಟಿಕೊಂಡೇ ಇರಬೇಕಾದ ವಿನ್ಯಾಸ! ಎಬ್ಬಿಸುವ ರಗಳೆಯೇ ಇಲ್ಲ. ಗಿಡ್ಡ ಕೂದಲು, ತೆಳು ಕೂದಲಿಗೆ ಇದೇ ಸರಿ ಅಂತ ಓದಿದಾಗ ಜೀವಮಾನದಲ್ಲಿ ಮೊದಲ ಸಲ ನನ್ನ ತಲೆಗೆ ಒಂದು ಯೋಗ್ಯತೆ ಬಂದಂತಾಯಿತು.

ಅಂಟಿಗೆ ಅಗಸೆ ಬೀಜ ಸಾಕು. ಕಾಲು ಲೋಟ ಬೀಜ, ಎರಡು ಲೋಟ ನೀರು. ಕುದಿಸುತ್ತ ಕಲಕುತ್ತಿದ್ದರೆ ಲೋಳೆ ಬಿಡುತ್ತದೆ. ಬಿಸಿ ಇರುವಾಗಲೇ ಸೋಸಬೇಕು. ಸರಿಯಾಗಿ ಆಗಲೇ ಚಿಕ್ಕಮ್ಮ ಫೋನ್ ಮಾಡಿದರು, ಸೀರೆಯ ಫಾಲ್ ವಿಷಯ. ಚಿಕ್ಕಮ್ಮನ ಫೋನ್ ಅಂದರೆ ಪಾತ್ರೆ ಆರುವುದು ಗ್ಯಾರಂಟಿ. ಆರಿದ ಮೇಲೆ ಜರಡಿಯಲ್ಲಿ ಒಂದು ಹನಿ ಇಳಿಯಲಿಲ್ಲ. ಹಳೇ ಪಂಚೆಯ ತುಂಡಲ್ಲಿ ಕಟ್ಟಿ ಹಿಂಡಿದೆ. ಗಂಟು ಕೈಯಿಂದ ಜಾರಿ ಸಿಂಕಿಗೆ, ಸಿಂಕಿನಿಂದ ನೆಲಕ್ಕೆ ಹೋಯಿತು. ಹಿಂಡಿ ಬಟ್ಟಲಲ್ಲಿ ಇಟ್ಟದ್ದನ್ನು ಇವರು ಬಂದು ನೋಡಿ, ಗಂಜಿ ಅಂದುಕೊಂಡು ಉಪ್ಪು ಹುಡುಕುತ್ತಿದ್ದರು.

ಆದರೂ ಅಲೆ ಬಂತು. ನಿಜವಾಗಿ ಬಂತು! ಹಣೆಯ ಹತ್ತಿರ ಒಂದು, ಕಿವಿಯ ಮೇಲೆ ಒಂದು, ಗಟ್ಟಿಯಾಗಿ ಕೂತವು. ಫೋಟೋ ಹಾಕಿದೆ. ಗ್ರೂಪಿನಲ್ಲಿ ಎಲ್ಲರೂ ಹೃದಯ ಕಳಿಸಿದರು. ಅದೇ ತಲೆಯಲ್ಲಿ ರಾತ್ರಿ ಬಸ್ಸು ಹತ್ತಿದೆ. ಎಸಿ ಬಸ್ಸಿನ ಟಿಕೆಟ್ ಸಿಕ್ಕಿರಲಿಲ್ಲ.

ಕೂದಲಿನ ಒಳಗೆ ಹೈಡ್ರೋಜನ್ ಬಂಧಗಳು ಅಂತ ಇರುತ್ತವೆ. ನೀರು ತಾಗಿದರೆ ಬಿಟ್ಟುಕೊಳ್ಳುತ್ತವೆ, ಒಣಗುವಾಗ ಯಾವ ಆಕಾರದಲ್ಲಿದ್ದವೋ ಅದರಲ್ಲೇ ಮತ್ತೆ ಕಟ್ಟಿಕೊಳ್ಳುತ್ತವೆ. ಅಲೆ ನಿಲ್ಲುವುದು ಹೀಗೆ. ಗಾಳಿಯ ತೇವ ಸಾಕು, ಅದು ಬಿಚ್ಚಿಕೊಳ್ಳಲು. ಸಕಲೇಶಪುರದಲ್ಲಿ ಟೀಗೆ ನಿಲ್ಲಿಸಿದಾಗ ಫೋನಿನ ಕ್ಯಾಮೆರಾದಲ್ಲಿ ನೋಡಿಕೊಂಡೆ, ಎಲ್ಲ ಸರಿ ಇತ್ತು. ಶಿರಾಡಿ ಘಾಟಿ ಇಳಿಯುವಾಗ ಹಣೆಯ ಅಲೆ ಹೋಯಿತು. ಉಪ್ಪಿನಂಗಡಿಯಲ್ಲಿ ಕಿವಿಯ ಮೇಲಿನದು. ಸುರತ್ಕಲ್ ದಾಟುವಾಗ ಪಕ್ಕದಲ್ಲಿ ಸಮುದ್ರದಲ್ಲಿ ಮಾತ್ರ ಅಲೆಗಳಿದ್ದವು. ಒಣಗಿದ ಅಗಸೆ ಲೋಳೆ ಬಿಳಿ ಪುಡಿಯಾಗಿ ಕಪ್ಪು ಚೂಡಿದಾರದ ಭುಜದ ಮೇಲೆಲ್ಲ ಉದುರಿತ್ತು.

ಅಮ್ಮ ಬಾಗಿಲಲ್ಲೇ ಹಿಡಿದರು. "ಎಂತ ಮಾರಾಯ್ತಿ, ಈ ನಮೂನೆ ಹೊಟ್ಟು!" ವಿವರಿಸಿದೆ. "ಗೊಂಪು ಹಾಕಿ ತೊಳೆಯದೆ ಬಸ್ಸು ಹತ್ತಿದ್ದಾ?" ನಾನು ಇನ್ನೇನೋ ಹೇಳುವ ಮೊದಲೇ ತೆಂಗಿನೆಣ್ಣೆ ನೆತ್ತಿಗೆ ಬಿದ್ದಿತ್ತು. ಆಮೇಲೆ ದಾಸವಾಳದ ಎಲೆಯ ಗೊಂಪು, ಬಿಸಿನೀರು, ತಲೆಸ್ನಾನ. ತೆಳು ಕೂದಲಿಗೆ ಒಮ್ಮೆ ಎಣ್ಣೆ ಕುಡಿಸಿದರೆ ಒಂದೇ ಸ್ನಾನಕ್ಕೆ ಬಿಡುವುದಿಲ್ಲ. ಅವತ್ತೇ ಸಂಜೆ ಮೆಹಂದಿ.

ಮಧ್ಯಾಹ್ನ ಪಕ್ಕದ ರಸ್ತೆಯ ಪಾರ್ಲರಿಗೆ ಓಡಿದೆ. ಅಲ್ಲಿಯ ಅಕ್ಕನಿಗೆ 1960ರ ದಶಕದಲ್ಲಿ ಲಂಡನ್ನಿನ ಕೇಶ ವಿನ್ಯಾಸಕ ವಿಡಾಲ್ ಸಸೂನ್ ಮಾಡುತ್ತಿದ್ದ ಕಟ್ ಚಿತ್ರ ತೋರಿಸಿದೆ. ತೊಳೆದು ತಲೆ ಕೊಡವಿದರೆ ಮುಗಿಯಿತು, ರೋಲರ್ ಬೇಡ, ಸ್ಪ್ರೇ ಬೇಡ ಅನ್ನುವುದೇ ಆ ಕಟ್ಟಿನ ಹೆಚ್ಚುಗಾರಿಕೆ. "ಚೆಂದ ಉಂಟು. ಆದರೆ ಒಂದೂವರೆ ತಿಂಗಳಿಗೊಮ್ಮೆ ಕತ್ತರಿಸಬೇಕು, ಬರ್ತೀರಾ?" ಅಂದರು. ಬರುವುದಿಲ್ಲ. "ಹಾಗಾದರೆ ಗಲ್ಲದ ಮಟ್ಟಕ್ಕೆ ಒಂದೇ ಗೆರೆಯಲ್ಲಿ ಕತ್ತರಿಸುವ. ತುದಿ ದಪ್ಪ ಕಾಣ್ತದೆ. ಲೇಯರ್ ಮಾಡಿದರೆ ಇದ್ದದ್ದೂ ಹೋಗ್ತದೆ." ಇಷ್ಟು ದಿನ ನಾನು ಓದಿದ್ದಕ್ಕೆಲ್ಲ ಈ ನಾಲ್ಕು ಮಾತು ಸಾಕಿತ್ತು.

ಆಗ ನೆನಪಾದದ್ದು ಐರೀನ್ ಕಾಸಲ್. ಅಮೆರಿಕದ ನರ್ತಕಿ. ಅಪೆಂಡಿಸೈಟಿಸ್ ಆಪರೇಷನ್ನಿಗೆ ಸೇರುವ ಮೊದಲು, ಹಾಸಿಗೆಯಲ್ಲಿ ಕೂದಲಿನ ರಗಳೆ ಯಾಕೆ ಅಂತ ಗಿಡ್ಡ ಮಾಡಿಸಿಕೊಂಡಳು. 1915ರ ಹೊತ್ತಿಗೆ ಅದು 'ಕಾಸಲ್ ಬಾಬ್' ಅಂತ ದೊಡ್ಡ ಫ್ಯಾಷನ್. ಬೆಳೆಯುತ್ತಿರುವ ಕೂದಲು ಮುಖಕ್ಕೆ ಬೀಳದಂತೆ ಹಣೆಗೆ ಮುತ್ತಿನ ಸರ ಕಟ್ಟುತ್ತಿದ್ದಳು. ಆಸ್ಪತ್ರೆ ಹಾಸಿಗೆಯಲ್ಲೂ ಬಾಚಬೇಕಾಗದ ಕೂದಲು. ನನಗೆ ಬೇಕಾದದ್ದು ಅದೇ ಅಲ್ವಾ?

ಅಮ್ಮನ ಮುತ್ತಿನ ಸರ ಕಟ್ಟಿದೆ. ಎಣ್ಣೆಗೆ ಜಾರಿ ಮೂಗಿನ ಮೇಲೆ ಬಂದು ಕೂತಿತು. ಹಾಗಾಗಿ ಒಂದು ರವಿಕೆ ಕಣ ಹರಿದು, ಅಗಲ ಪಟ್ಟಿ ಮಾಡಿ, ಹಣೆಗೆ ಬಿಗಿದು ಹಿಂದೆ ಗಂಟು ಹಾಕಿದೆ. ಮಾಡಲು ಒಂದು ನಿಮಿಷವೂ ಹಿಡಿಯಲಿಲ್ಲ. ಕನ್ನಡಿಯಲ್ಲಿ ಚೆಂದವೇ ಕಂಡೆ, ಸತ್ಯವಾಗಿ.

ಮೆಹಂದಿಯ ಹಾಲ್ ಒಳಗೆ ಕಾಲಿಟ್ಟದ್ದೇ ದೊಡ್ಡಮ್ಮ, "ತಲೆನೋವಾ ಮಗಾ?" ಅಂದರು. ರೆಟ್ರೋ ಅಂದರೆ 1970 ಅಂತ ಎಲ್ಲರೂ ತಿಳಿದುಕೊಂಡಿದ್ದರು. 1915ಕ್ಕೆ ಹೋದವಳು ನಾನೊಬ್ಬಳೇ. ದೊಡ್ಡಮ್ಮನ ಹಿಂದೆ ನಿಂತ ಅತ್ತೆ, ಕೂದಲನ್ನು ಇನ್ನಷ್ಟು ಹತ್ತಿರದಿಂದ ನೋಡಿ, "ಟೈಫಾಯ್ಡ್ ಆಗಿತ್ತಾ?" ಅಂದರು. ಇನ್ನೊಬ್ಬರು ಧರ್ಮಸ್ಥಳದಲ್ಲಿ ಮುಡಿ ಕೊಟ್ಟದ್ದಾ ಅಂತ ಕೇಳಿದರು. ಐರೀನ್ ಕಾಸಲ್ ಕಥೆ ಶುರು ಮಾಡಿದೆ. "ಆಪರೇಷನ್" ಅನ್ನುವ ಶಬ್ದವಷ್ಟೇ ಅವರ ಕಿವಿಗೆ ಬಿದ್ದದ್ದು.

ಅಲ್ಲಿಂದ ಮುಂದೆ ನನ್ನ ಯೋಗವೇ ಬದಲಾಯಿತು. ಫ್ಯಾನಿನ ಕೆಳಗೆ ಕುರ್ಚಿ ಬಂತು. ಅಮೃತಾಂಜನ ಬಂತು. ಬಿಸಿ ಕಾಫಿ ಬಂತು. ಬಂದವರಿಗೆ ಶರಬತ್ತು ಹಂಚುವ ಕೆಲಸ ನನಗೆ ವಹಿಸಿದ್ದರು, ಅದನ್ನು ತಂಗಿಯ ಗೆಳತಿಯರಿಗೆ ಕೊಟ್ಟರು. "ಅವಳಿಗೆ ಹುಷಾರಿಲ್ಲ" ಅಂತ ಡ್ಯಾನ್ಸಿಗೂ ಎಳೆಯಲಿಲ್ಲ. ಶಂಕರಪುರ ಮಲ್ಲಿಗೆ ಹಂಚಲು ಬಂದ ಹುಡುಗಿ ನನ್ನ ತಲೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸಿಕ್ಕಿಸಲು ಜಾಗ ಕಾಣದೆ, ಪಟ್ಟಿಯ ಒಳಗೆ ತುರುಕಿ ಹೋದಳು. ಕೈತುಂಬ ಮೆಹಂದಿ ಹಚ್ಚಿಸಿಕೊಂಡು ರಾತ್ರಿಯವರೆಗೂ ಕೂತಿದ್ದೆ. ತಲೆ ಮುಟ್ಟುವ ಪ್ರಮೇಯವೇ ಬರಲಿಲ್ಲ. ಇಷ್ಟು ಕಮ್ಮಿ ನಿರ್ವಹಣೆಯ ವಿನ್ಯಾಸವನ್ನು ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ.

ಮದುವೆಯ ಆಲ್ಬಮ್ ಮೊನ್ನೆ ಬಂತು. ಮೆಹಂದಿಯ ಪುಟದಲ್ಲಿ ನನ್ನನ್ನು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಆಲ್ಬಮ್ ಮಾಡಿದ ಪುಣ್ಯಾತ್ಮರು ನನ್ನ ಮೇಲೆ ಕನಿಕರಪಟ್ಟು ಹಣೆಯ ಪಟ್ಟಿ ಅಳಿಸಿ, ನೆತ್ತಿ, ಬೈತಲೆ ಎಲ್ಲಕ್ಕೂ ಕಂಪ್ಯೂಟರಿನಲ್ಲಿ ದಟ್ಟ ಕಪ್ಪು ತುಂಬಿಸಿದ್ದಾರೆ. ಮಲ್ಲಿಗೆ ಮಾತ್ರ ಯಾವ ಆಧಾರವೂ ಇಲ್ಲದೆ ಗಾಳಿಯಲ್ಲಿ ನಿಂತಿದೆ. "ಇದು ಚೆಂದ ಉಂಟು ನೋಡು, ಮೊದಲೇ ಹೀಗೆ ಮಾಡಬಾರದಿತ್ತಾ?" ಅಂದರು ಅಮ್ಮ. ಕಪ್ಪು ಮಿಕ್ಕಿತ್ತೋ ಏನೋ, ಪಕ್ಕದಲ್ಲಿ ಬೆಲ್ ಬಾಟಮ್ ಹಾಕಿ ನಿಂತ ಭಾವನಿಗೂ ಒಂದು ತಲೆ ಕೂದಲು ದಾನವಾಗಿದೆ. ಭಾವ ಅದನ್ನು ವಾಟ್ಸಾಪ್ ಡಿಪಿ ಮಾಡಿಕೊಂಡಿದ್ದಾರೆ. ಯಾವ ಎಣ್ಣೆ ಅಂತ ಅವರ ಆಫೀಸಿನವರು ಕೇಳುತ್ತಿದ್ದಾರಂತೆ.